ಒಂದು ಕಣ್ಣಿಗೆ ಒಂದು ಸೀಸನ್

ನಮ್ಮ ಮನೆಯ ಟೀವಿಗೆ ನನ್ನ ಮೇಲೆ ಏನೋ ಹಳೇ ದ್ವೇಷ ಇರಬೇಕು. ನಾನು ವಾರ್ತೆ ನೋಡುವಾಗ ಮನೆಗೆ ಯಾರೂ ಬರುವುದಿಲ್ಲ. ಕ್ರಿಕೆಟ್ ನೋಡುವಾಗಲೂ ಬರುವುದಿಲ್ಲ. ಷೇರು ಮಾರುಕಟ್ಟೆಯ ಚಾನೆಲ್ ಹಾಕಿಕೊಂಡು, ಗದ್ದಕ್ಕೆ ಕೈ ಕೊಟ್ಟು, ಗಂಭೀರವಾಗಿ ಕೂತಾಗಲಂತೂ ಒಂದು ನರಪಿಳ್ಳೆಯೂ ಈ ಕಡೆ ಸುಳಿಯುವುದಿಲ್ಲ. ಅದೇ ಪರದೆಯ ಮೇಲೆ ಆರು ಜನ ಚೆಂದದ ಹುಡುಗರು ಸಾಲಾಗಿ ನಿಂತು, ಕಣ್ಣು ಅರ್ಧ ಮುಚ್ಚಿ, ನನ್ನ ಕಡೆಗೇ ಕೈ ಚಾಚಿದರೆ ಸಾಕು. ಕಾಲಿಂಗ್ ಬೆಲ್ ಆಗುತ್ತದೆ.

ಆಗ ಗಾಬರಿಯಲ್ಲಿ ಪಾಜ್ ಒತ್ತಬಾರದು. ಪಾಜ್ ಒತ್ತಿದರೆ ಹುಡುಗರೇನೂ ಮಾಯವಾಗುವುದಿಲ್ಲ. ಇದ್ದ ಭಂಗಿಯಲ್ಲೇ ನಿಂತುಬಿಡುತ್ತಾರೆ. ನನ್ನ ಹೆಂಡತಿಯ ಚಿಕ್ಕಮ್ಮ ಮಗನ ಲಗ್ನಪತ್ರಿಕೆ ಕೊಡಲು ಬಂದವರು ಕಾಫಿ ಕುಡಿದು, ಎಲೆ ಅಡಿಕೆ ಹಾಕಿಕೊಂಡು, ಎದ್ದು ಹೋಗುವ ತನಕ ಉದ್ದ ಕೂದಲಿನ ಹುಡುಗನೊಬ್ಬ ಶರ್ಟಿನ ಮೇಲಿನ ಗುಂಡಿ ಬಿಚ್ಚಿಕೊಂಡು ಅವರನ್ನೇ ನೋಡುತ್ತಿದ್ದ. ಚಿಕ್ಕಮ್ಮ ಊರಿಗೆಲ್ಲ ಗಂಡು ಹೆಣ್ಣು ಜೋಡಿಸುವವರು. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ಕೇಳಿಯೇ ಬಿಟ್ಟರು. "ಯಾರ ಕಡೆ ಹುಡುಗ ಅದು?"

ಆ ಹುಡುಗ ಯಾರ ಕಡೆಯವನೂ ಅಲ್ಲ. ಅವನ ಹೆಸರು ಜಿಂಗೂಜಿ ರೆನ್. ಜಪಾನಿನ 'ಉತಾ ನೋ ಪ್ರಿನ್ಸ್-ಸಾಮಾ' ಎಂಬ ಆನಿಮೆ, ಅಂದರೆ ಕಾರ್ಟೂನ್ ಸರಣಿಯ ಹುಡುಗರಲ್ಲಿ ಒಬ್ಬ. ಅಭಿಮಾನಿಗಳು ಪ್ರೀತಿಯಿಂದ ಉತಾಪ್ರಿ ಅನ್ನುತ್ತಾರೆ. 2010ರಲ್ಲಿ ಇದು ಹುಡುಗಿಯರಿಗೆಂದು ಮಾಡಿದ ಪ್ರೇಮದ ವಿಡಿಯೋ ಗೇಮ್ ಆಗಿತ್ತು. ಹೊರತಂದ ಕಂಪನಿಯ ಹೆಸರು ಬ್ರೊಕೊಲಿ. ಹೌದು, ತರಕಾರಿಯ ಹೆಸರೇ. 2011ರ ಜುಲೈನಲ್ಲಿ ಅದು ಟೀವಿಗೆ ಬಂತು. ಸೀಸನ್ನಿಗೆ 13 ಕಂತು.

ಕಥೆ ಹೇಳಲು ಜಾಸ್ತಿ ಹೊತ್ತು ಬೇಡ. ಸಾವೊತೊಮೆ ಅಕಾಡೆಮಿ ಅಂತ ಒಂದು ವಸತಿ ಶಾಲೆ. ಅಲ್ಲಿ ಹಾಡಿ ಕುಣಿದು ಜನರ ಕಣ್ಮಣಿ ಆಗಬೇಕೆನ್ನುವ 'ಐಡಲ್' ಹುಡುಗರು ಒಂದು ಕಡೆ, ಅವರಿಗೆ ಹಾಡು ಕಟ್ಟುವವರು ಇನ್ನೊಂದು ಕಡೆ. ಹಳ್ಳಿಯಲ್ಲಿ ಅಜ್ಜಿಯ ಜೊತೆ ಬೆಳೆದ ನಾನಾಮಿ ಹರುಕಾ ಎಂಬ ಹುಡುಗಿ ಅಲ್ಲಿಗೆ ಬರುತ್ತಾಳೆ. ಹಯಾತೊ ಅನ್ನುವ ಗಾಯಕ ಅಂದರೆ ಅವಳಿಗೆ ಪ್ರಾಣ. ಒಂದು ದಿನ ಅವನಿಗೆ ಹಾಡು ಕಟ್ಟಿಕೊಡಬೇಕು ಅನ್ನುವುದೇ ಆಸೆ. ಬಂದವಳ ಸುತ್ತ ಆರು ಹುಡುಗರು. ಮುಂದಿನದು ನಿಮಗೇ ಗೊತ್ತು.

ಮನೆಗೆ ಇದನ್ನು ತಂದವಳು ಮಗಳು. ಆಮೇಲೆ ಅವಳು ಕೊರಿಯಾದ ಕಡೆ ಹೊರಟುಹೋದಳು. ನಾನು ಜಪಾನಿನಲ್ಲೇ ಉಳಿದೆ. ಯಾಕೆ ಅಂದರೆ ಆಫೀಸಿನಿಂದ ಬಂದ ಮೇಲೆ ಯಾರಾದರೂ ಸಾಯುವುದನ್ನು ನೋಡುವ ಶಕ್ತಿ ನನಗಿಲ್ಲ. ಇಲ್ಲಿ ಯಾರೂ ಸಾಯುವುದಿಲ್ಲ. ಮನೆತನದ ಜಗಳ, ಅವಳಿ ಅಣ್ಣನ ರಹಸ್ಯ, ಶಾಪಗ್ರಸ್ತ ರಾಜಕುಮಾರ, ಏನೇ ಬರಲಿ, ಹೆಚ್ಚೂಕಡಿಮೆ 24 ನಿಮಿಷದೊಳಗೆ ಒಂದು ಹಾಡು ಹಾಡಿ ಮುಗಿಸುತ್ತಾರೆ. ಇದೆಲ್ಲ ತಮಾಷೆಗೋ ನಿಜಕ್ಕೋ ಎಂದು ಸರಣಿ ಕೊನೆವರೆಗೂ ಬಾಯಿ ಬಿಡುವುದಿಲ್ಲ. ಆ ಗಾಂಭೀರ್ಯ ಇದೆಯಲ್ಲ, ಅದಕ್ಕೇ ನಾನು ಬಿದ್ದದ್ದು.

ಹೀಗೆ ನಾನೂ ಆರು ಹುಡುಗರೂ ಸುಖವಾಗಿದ್ದಾಗ ತಿಪಟೂರಿನಿಂದ ಮಾವ ಬಂದರು.

ಮಾವ ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಬಲಗಣ್ಣು, ತಿಂಗಳು ಬಿಟ್ಟು ಎಡಗಣ್ಣು ಅಂತ ಡಾಕ್ಟರು ಹೇಳಿದ್ದರು. ಹೆಂಡತಿಯ ಬ್ಯಾಂಕಿನಲ್ಲಿ ಆಗ ಆಡಿಟ್. ಮಗಳಿಗೆ ಕಾಲೇಜು. ರಜಾ ಹಾಕಿ ಮಾವನ ಕಣ್ಣಿಗೆ ಡ್ರಾಪ್ಸ್ ಹಾಕುವ ಕೆಲಸ ನನಗೆ ಬಂತು.

ಆಪರೇಷನ್ ಸಲೀಸಾಗಿ ಆಯಿತು. ತೊಂದರೆ ಶುರುವಾದದ್ದು ಆಮೇಲೆ. ಕೆಲವು ದಿನ ಪೇಪರ್ ಓದಬೇಡಿ, ಕಣ್ಣಿಗೆ ಆಯಾಸ ಮಾಡಬೇಡಿ, ಕಪ್ಪು ಕನ್ನಡಕ ತೆಗೆಯಬೇಡಿ, ದೂರ ಕೂತು ಸ್ವಲ್ಪ ಹೊತ್ತು ಟೀವಿ ನೋಡಬಹುದು ಅಂದಿದ್ದರು. ಪೇಪರ್ ಓದದೆ ಇರುವುದು ಅಂದರೆ ಮಾವನಿಗೆ ಉಪವಾಸ ಇದ್ದಂತೆ. ನ್ಯೂಸ್ ಚಾನೆಲ್ ಹಾಕಿದರೆ ಬಿ.ಪಿ. ಏರುತ್ತಿತ್ತು. ಧಾರಾವಾಹಿ ಹಾಕಿದರೆ "ಈ ಅತ್ತೆ ಸೊಸೆ ಜಗಳ ನಮ್ಮನೇಲೇ ನೋಡಿದೀನಿ, ತೆಗೀರಿ" ಅನ್ನುತ್ತಿದ್ದರು. ಕೊನೆಗೆ ಸೋಫಾದಲ್ಲಿ ಒರಗಿಕೊಂಡು ಅಂದರು: "ಅಳಿಯಂದ್ರೇ, ನೀವು ದಿನಾ ಏನು ನೋಡ್ತೀರೋ ಅದನ್ನೇ ಹಾಕಿ. ನನಗೇನಂತೆ."

ನಾನು ಎರಡು ಸಲ ಕೇಳಿದೆ. ಅವರು ಎರಡು ಸಲವೂ ಹೂಂ ಅಂದರು. ಮೊದಲನೇ ಕಂತು ಹಾಕಿದೆ.

ಶಾಲೆ ಅಂದ ತಕ್ಷಣ ಮಾವ ನೆಟ್ಟಗೆ ಕೂತರು. ಒಂದು ಶಾಲೆ ಕಣ್ಣ ಮುಂದೆ ನಡೆಯುತ್ತಿದ್ದರೆ ಸುಮ್ಮನೆ ನೋಡುವುದು ಅವರಿಂದಾಗದು. ಬಿ.ಇ.ಒ. ತಪಾಸಣೆಗೆ ಬಂದ ಧಾಟಿಯಲ್ಲಿ ಶುರು ಮಾಡಿದರು. ಹಾಜರಿ ಯಾರು ತಗೋತಾರೆ? ಬೆಲ್ಲು ಎಲ್ಲಿ? ಪ್ರಾರ್ಥನೆ ಆಯ್ತಾ? ಇಲ್ಲಿ ಎ ಸೆಕ್ಷನ್ನಿನ ಜೊತೆ ಎಸ್ ಸೆಕ್ಷನ್ ಅಂತ ಇದೆ. ಎಸ್ ಅಂದರೆ ಎಲ್ಲಕ್ಕಿಂತ ಮೇಲಿನದು. "ಎ ಆದ್ಮೇಲೆ ಬಿ. ಈ ಎಸ್ಸು ಎಲ್ಲಿಂದ ಬಂತು? ಜಾಣ ಮಕ್ಕಳನ್ನ ಬೇರೆ ಕೂರಿಸಿದ್ರೆ ಉಳಿದವರು ಕಲಿಯೋದು ಯಾರನ್ನ ನೋಡಿ?" ಅಂದರು. ಹರುಕಾಗೆ ಸ್ವರಲಿಪಿ ಓದಲು ಬರುವುದಿಲ್ಲ. ಕೇಳಿ ಕಲಿತವಳು. ಕ್ಲಾಸಿನ ಮುಂದೆ ಪಿಯಾನೊ ನುಡಿಸು ಅಂದರೆ ಕೈ ಕಟ್ಟಿಹೋಗುತ್ತದೆ. "ಪ್ರವೇಶ ಪರೀಕ್ಷೆ ಯಾರು ವ್ಯಾಲ್ಯುಯೇಷನ್ ಮಾಡಿದ್ದು? ಆದರೂ ಮಗು ಒಳ್ಳೇದು, ಇರಲಿ" ಅಂತ ತಾವೇ ಗ್ರೇಸ್ ಮಾರ್ಕ್ಸ್ ಕೊಟ್ಟರು.

ಅಷ್ಟರಲ್ಲಿ ಆ ಶಾಲೆಯ ಹೆಡ್‌ಮಾಸ್ಟರು ಬಂದರು. ಶೈನಿಂಗ್ ಸಾವೊತೊಮೆ. ಒಂದು ಕಾಲದ ದೊಡ್ಡ ಐಡಲ್. ದೈತ್ಯ ದೇಹ, ಕಪ್ಪು ಕನ್ನಡಕ, ಗಂಟೆ ಬಡಿದಂಥ ನಗು. ಬಾಗಿಲಿನಿಂದ ಒಳಗೆ ಬರುವ ಅಭ್ಯಾಸ ಈ ಮನುಷ್ಯನಿಗೆ ಇಲ್ಲವೇ ಇಲ್ಲ. ಎತ್ತರದಿಂದ ಧುಮುಕುತ್ತಾನೆ, ಎಲ್ಲಿಂದಲೋ ಸಿಡಿದು ಬರುತ್ತಾನೆ. ಸೋಫಾದಲ್ಲಿದ್ದ ಕಪ್ಪು ಕನ್ನಡಕ ಪರದೆಯ ಕಪ್ಪು ಕನ್ನಡಕವನ್ನು ದಿಟ್ಟಿಸಿ ನೋಡಿತು.

"ರಿಪೇರಿ ಖರ್ಚು ಯಾವ ಲೆಕ್ಕದಲ್ಲಿ ಹಾಕ್ತಾನೆ?" ಅಂದರು ಮಾವ. ಒಂದು ಕ್ಲಾಸ್‌ರೂಮಿನ ಹೆಂಚು ಬದಲಾಯಿಸಲು ತಾವು ಎಷ್ಟು ಸಲ ಅರ್ಜಿ ಕೊಟ್ಟಿದ್ದೆ ಅಂತ ಆಮೇಲೆ ಅರ್ಧ ಗಂಟೆ ಹೇಳಿದರು. ಆ ಅರ್ಧ ಗಂಟೆ ಮಾತ್ರ ನಾನು ಪಾಜ್ ಒತ್ತಿದೆ.

ಮುಂದೆ ಬರುವ ತ್ಸುಕಿಮಿಯಾ ರಿಂಗೊ ಬಗ್ಗೆ ನನಗೆ ಅಳುಕು ಇತ್ತು. ಎ ಸೆಕ್ಷನ್ನಿನ ಕ್ಲಾಸ್ ಟೀಚರ್. ಗುಲಾಬಿ ಕೂದಲು, ಸ್ಕರ್ಟು, ಇಂಪಾದ ಮಾತು. ಆದರೆ ಗಂಡಸು. ಮಾವ ಏನಂತಾರೋ ಅಂತ ಓರೆಗಣ್ಣಲ್ಲಿ ನೋಡುತ್ತಾ ವಿಷಯ ತಿಳಿಸಿದೆ. ಮಾವ ಕೈ ಬೀಸಿಬಿಟ್ಟರು. "ಗುಬ್ಬಿ ಕಂಪನಿ ಜಿಲ್ಲೆಯವನು ನಾನು. ಗಂಡಸು ಸೀರೆ ಉಟ್ರೆ ಗಾಬರಿ ಆಗ್ತೀನಾ? ಪಾಠ ಹೇಗೆ ಮಾಡ್ತಾರೆ ಅದು ಹೇಳಿ."

ಈ 'ಹೇಳಿ' ಅನ್ನುವುದರಲ್ಲೇ ನನ್ನ ಗ್ರಹಚಾರ ಕೂತಿತ್ತು. ಮಾತೆಲ್ಲ ಜಪಾನಿ. ಕೆಳಗೆ ಇಂಗ್ಲಿಷಿನ ಪುಟ್ಟ ಅಕ್ಷರ. ಮಾವ ಓದುವಂತಿಲ್ಲ. ನಾನು ಓದಿ ಕನ್ನಡದಲ್ಲಿ ಹೇಳಬೇಕು. ಮೊದಮೊದಲು "ಏನೋ ಜಗಳ ಆಗ್ತಿದೆ", "ಬೇಜಾರಾಗಿದೆಯಂತೆ" ಅಂತ ಸುಲಭದಲ್ಲಿ ಮುಗಿಸಲು ನೋಡಿದೆ. ಮಾವ ಬಿಡಲಿಲ್ಲ. "ಸಾರಾಂಶ ಬೇಡ. ಸಾರಾಂಶ ಬರೆದವರಿಗೆ ನಾನು ಅರ್ಧ ಮಾರ್ಕ್ಸು ಕೊಡ್ತಿದ್ದೆ. ಪೂರ್ತಿ ಹೇಳಿ."

ಪೂರ್ತಿ ಹೇಳುವುದರಲ್ಲಿ ಇರುವ ಕಷ್ಟ ನೋಡಿ. ಈ ಹುಡುಗರು ಯಾವ ವಿಷಯ ಎತ್ತಿದರೂ ಎರಡನೇ ವಾಕ್ಯಕ್ಕೆ ಹರುಕಾಳ ಕಣ್ಣಿಗೆ ಬರುತ್ತಾರೆ. ಮೂರನೇ ವಾಕ್ಯಕ್ಕೆ ತಮ್ಮ ಎದೆಗೆ. ನಾನೋ, ಮದುವೆಯಾದಾಗಿನಿಂದ ಮಾವನ ಜೊತೆ ಆಡಿದ್ದು ಮಳೆ, ಕೊಬ್ಬರಿ ರೇಟು, ಬಸ್ಸಿನ ಟೈಮು ಇಷ್ಟೇ. ಈಗ ಅದೇ ಬಾಯಲ್ಲಿ ಒಬ್ಬನಾದ ಮೇಲೆ ಒಬ್ಬ ಹುಡುಗನ ಹೃದಯ ಬಿಚ್ಚಿ ಅವರ ಮುಂದೆ ಇಡಬೇಕು. ಗೋಡೆಯ ಕ್ಯಾಲೆಂಡರ್ ನೋಡಿಕೊಂಡು ಹೇಳುತ್ತಿದ್ದೆ.

ಡ್ರಾಪ್ಸ್ ಹಾಕುವ ಹೊತ್ತಿಗೂ ಸರಣಿ ನಿಲ್ಲಿಸುವಂತಿರಲಿಲ್ಲ. ಡ್ರಾಪ್ಸ್ ಹಾಕುವುದು ಸಣ್ಣ ಕೆಲಸವಲ್ಲ. ಸೋಪಿನಲ್ಲಿ ಕೈ ತೊಳೆಯಬೇಕು. ಮಾವ ಮಲಗಿ ಮೇಲೆ ನೋಡಬೇಕು. ಕೆಳಗಿನ ರೆಪ್ಪೆಯನ್ನು ಬೆರಳಲ್ಲಿ ಮೆಲ್ಲಗೆ ಎಳೆದು, ಬಾಟಲಿಯ ಮೂತಿ ಎಲ್ಲೂ ತಾಗದ ಹಾಗೆ ಒಂದೇ ಒಂದು ಹನಿ ಬಿಡಬೇಕು. ಕಣ್ಣು ಮುಚ್ಚಿಸಬೇಕು. ಐದು ನಿಮಿಷ ಕಾದು ಇನ್ನೊಂದು ಬಾಟಲಿಯ ಹನಿ. ಆ ಐದು ನಿಮಿಷ ಮಾವ ಕಣ್ಣು ಮುಚ್ಚಿಕೊಂಡೇ "ಹೂಂ, ಮುಂದೆ?" ಅನ್ನುತ್ತಿದ್ದರು.

ಅವತ್ತು ನೆಲದ ಮೇಲೆ ಮಂಡಿಯೂರಿ, ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಕೈ ಮಾವನ ಕೆನ್ನೆಯ ಮೇಲೆ, ಕತ್ತು ಮಾತ್ರ ಟೀವಿ ಕಡೆ ತಿರುಗಿಸಿ ನಾನು ಓದುತ್ತಿದ್ದೆ. ನೀನು ಬರುವ ಮುಂಚೆ ನನ್ನೊಳಗೆ ಹಾಡೇ ಇರಲಿಲ್ಲ, ಇನ್ನು ಮುಂದೆ ನಿನ್ನ ಬಿಟ್ಟು ನಾನಿರಲಾರೆ ಅನ್ನುವ ಅರ್ಥದ ಮಾತು. ಆಡಿಟ್ ಬೇಗ ಮುಗಿದಿತ್ತೋ ಏನೋ, ಹೆಂಡತಿ ಬಾಗಿಲು ತೆಗೆದು ಒಳಗೆ ಬಂದಳು. ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು. ಅವಳ ಅಪ್ಪ ಕಣ್ಣು ಮುಚ್ಚಿ ಕಣ್ಣೀರು ಸುರಿಸುತ್ತಿದ್ದರು. ಡ್ರಾಪ್ಸಿನದು, ಆದರೆ ಅದು ಅವಳಿಗೆ ಹೇಗೆ ಗೊತ್ತಾಗಬೇಕು?

"ನನಗೊಂದಿನ ಹೀಗೆ ಹೇಳಿದ್ದುಂಟಾ ನೀವು?" ಅಂದಳು.

"ಸುಮ್ನಿರಮ್ಮ, ಪಾಠ ನಡೀತಿದೆ" ಅಂದರು ಮಾವ.

ಹೆಸರುಗಳು ಮಾವನ ನಾಲಿಗೆಗೆ ಹೊರಳಲಿಲ್ಲ. ಹಾಜರಿ ಪುಸ್ತಕಕ್ಕೆ ತಮ್ಮದೇ ಹೆಸರು ಬರೆದುಕೊಂಡರು. ಇತ್ತೋಕಿ ಒತೊಯಾ 'ಕೆಂಪ'. ಹಿಜಿರಿಕಾವಾ ಮಸಾತೊ 'ನೀಲಿ ಸಾಹುಕಾರ'. ರೆನ್ 'ಪೋಲಿ'. ಇಚಿನೊಸೆ ತೊಕಿಯಾ 'ಮುಗುಮ್ಮ'. ಶಿನೊಮಿಯಾ ನತ್ಸುಕಿ 'ಕನ್ನಡಕ'. ಗಿಡ್ಡಗಿರುವ ಕುರುಸು ಶೋ 'ಟೋಪಿ'. ಮಸಾತೊ ಮತ್ತು ರೆನ್ ಇಬ್ಬರೂ ಆಗರ್ಭ ಶ್ರೀಮಂತರ ಮಕ್ಕಳು, ಮನೆತನದ ಪೈಪೋಟಿ ಬೇರೆ, ಹಾಸ್ಟೆಲಿನಲ್ಲಿ ಒಂದೇ ರೂಮು. ಅರ್ಧ ರೂಮಿಗೆ ಜಪಾನಿ ಚಾಪೆ, ಉಳಿದರ್ಧ ಪೂರ್ತಿ ಪಾಶ್ಚಾತ್ಯ. ಈ ವಾರ್ಡನ್ನು ಯಾರೋ ಬುದ್ಧಿವಂತ ಅಂದರು ಮಾವ.

ಮಸಾತೊನ ತಲೆ ನೋಡಿ ಮಾವ ಬೆರಗಾದದ್ದಕ್ಕೆ ಕಾರಣ ಬೇರೆ ಇತ್ತು. ಪೊರೆ ಬೆಳೆದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ. ನೀಲಿ ಬೆಳಕು ಸರಿಯಾಗಿ ಒಳಗೆ ಹೋಗುವುದಿಲ್ಲ. ಅದನ್ನು ತೆಗೆದು ಹೊಸದು ಕೂರಿಸಿದರೆ ನೀಲಿ ಒಮ್ಮೆಗೇ ಎದ್ದು ಕಾಣುತ್ತದೆ. ಡಾಕ್ಟರು ಹೇಳಿದ್ದರು, ನಾವು ಮರೆತಿದ್ದೆವು. ಕಪ್ಪು ಕನ್ನಡಕವನ್ನು ಚೂರು ಎತ್ತಿ ಬಲಗಣ್ಣಲ್ಲಿ ನೋಡಿ, ಎಡಗಣ್ಣಲ್ಲಿ ನೋಡಿ, ಮತ್ತೆ ಬಲಗಣ್ಣಲ್ಲಿ ನೋಡಿ ಅಂದರು: "ಒಂದು ಕಣ್ಣಲ್ಲಿ ಈ ಹುಡುಗನ ತಲೆ ನೀಲಿ, ಇನ್ನೊಂದು ಕಣ್ಣಲ್ಲಿ ಮಾಸಲು. ಎಡಗಣ್ಣಿನದೂ ಬೇಗ ಮಾಡಿಸಿಬಿಡೋಣ."

ಎರಡನೇ ಆಪರೇಷನ್ನಿಗೆ ಅವರನ್ನು ಹೇಗಪ್ಪಾ ಒಪ್ಪಿಸುವುದು ಅಂತ ಮನೆಯವರೆಲ್ಲ ತಲೆ ಕೆಡಿಸಿಕೊಂಡಿದ್ದೆವು. ನೀಲಿ ಸಾಹುಕಾರ ಒಪ್ಪಿಸಿದ.

ಕನ್ನಡಕದ ಹುಡುಗ ನತ್ಸುಕಿಯ ಕ್ರಮವೇ ಬೇರೆ. ಮುದ್ದಾದದ್ದು ಏನು ಕಂಡರೂ ಅಪ್ಪಿಕೊಳ್ಳುವ ಸಾಧು. ಪಿಯೋ-ಚಾನ್ ಅನ್ನುವ ಕೋಳಿಮರಿ ಗೊಂಬೆ ಅಂದರೆ ಜೀವ. ಅವನು ಮಾಡಿದ ತಿಂಡಿ ಮಾತ್ರ ಯಾರೂ ತಿನ್ನಬಾರದು. ಕನ್ನಡಕ ತೆಗೆದರೆ ಅವನೊಳಗಿನ ಸತ್ಸುಕಿ ಹೊರಬರುತ್ತಾನೆ. ಅವನು ರೌಡಿ. ಮತ್ತೆ ಕನ್ನಡಕ ಹಾಕಿಸುವ ತನಕ ಬಿಡುವುದಿಲ್ಲ. ಇದು ನಮ್ಮ ಮನೆಯಲ್ಲಿ ಬಹಳ ಉಪಯೋಗಕ್ಕೆ ಬಂತು. ಪೇಪರ್ ಬಿಲ್ಲಿನ ಹುಡುಗ ತಪ್ಪು ಲೆಕ್ಕ ತಂದಾಗ ಮಾವ ಕಪ್ಪು ಕನ್ನಡಕ ಕಿತ್ತು ಕೈಯಲ್ಲಿ ಹಿಡಿದು ಗದರಲು ಶುರು ಮಾಡಿದರು. ಮಗಳು ಓಡಿ ಬಂದು "ತಾತ ಸತ್ಸುಕಿ ಆದ್ರು, ತಾತ ಸತ್ಸುಕಿ ಆದ್ರು" ಅಂತ ಕನ್ನಡಕ ಕಸಿದು ಮೂಗಿಗೆ ಏರಿಸಿದಳು. ಮಾವ ತಕ್ಷಣ ಧ್ವನಿ ಇಳಿಸಿ, "ಇರಲಿ ಬಿಡಪ್ಪ, ನಾಳೆ ಸರಿ ಮಾಡ್ಕೊಂಡು ಬಾ" ಅಂದರು. ಪಾತ್ರ ಅವರಿಗೆ ಹಿಡಿಸಿತ್ತು.

ಇನ್ನು ನೀರಿನ ಕ್ಯಾನ್ ತರುವ ಹುಡುಗ. ನನ್ನ ಟೀವಿಯ ಕಾಯಿದೆ ಪ್ರಕಾರ ಅವನು ಬಂದದ್ದು ಹಾಡಿನ ನಟ್ಟನಡುವೆ. ಹೆಗಲ ಮೇಲೆ ಕ್ಯಾನ್ ಇಟ್ಟುಕೊಂಡೇ ಹಾಲಿನಲ್ಲಿ ನಿಂತುಬಿಟ್ಟ. ನಕ್ಕರೆ ನಗಲಿ ಅಂತ ನಾನೂ ಸುಮ್ಮನಿದ್ದೆ.

"ಅಂಕಲ್, ಆ ಟೋಪಿ ಹುಡುಗನ ವಾಯ್ಸು ಝೆನಿತ್ಸುದು ಅಲ್ವಾ?"

ಝೆನಿತ್ಸು ಅಂದರೆ ಡೀಮನ್ ಸ್ಲೇಯರ್ ಅನ್ನುವ ಇನ್ನೊಂದು ಆನಿಮೆಯ ಅಳುಬುರುಕ ಕತ್ತಿವೀರ. ಅವನು ಹೇಳಿದ್ದು ಸರಿ. ಇಬ್ಬರಿಗೂ ಧ್ವನಿ ಶಿಮೊನೊ ಹಿರೊ. ಹುಡುಗ ಕ್ಯಾನ್ ಇಳಿಸಿ ಅಲ್ಲೇ ಮೆಟ್ಟಿಲ ಮೇಲೆ ಕೂತ. ಪೋಲಿ ರೆನ್‌ಗೆ ಧ್ವನಿ ಕೊಟ್ಟ ಸುವಾಬೆ ಜುನಿಚಿಯೇ ಜುಜುತ್ಸು ಕೈಸೆನ್ ಅನ್ನುವ ಆನಿಮೆಯ ರಾಕ್ಷಸ ಸುಕುನಾ. ಮುಗುಮ್ಮ ತೊಕಿಯಾನ ಧ್ವನಿ ಮಿಯಾನೊ ಮಮೊರು 'ಡೆತ್ ನೋಟ್' ಆನಿಮೆಯಲ್ಲಿ ಹೆಸರು ಬರೆದು ಬರೆದು ಜನರನ್ನು ಸಾಯಿಸಿದ ಲೈಟ್ ಯಾಗಾಮಿ. ಒಬ್ಬ ರಾಕ್ಷಸ, ಒಬ್ಬ ಕೊಲೆಗಾರ, ಒಬ್ಬ ಪುಕ್ಕಲ ಸೇರಿ ಇಲ್ಲಿ ಪ್ರೇಮಗೀತೆ ಹಾಡುತ್ತಿದ್ದಾರೆ ಅಂತ ತಿಳಿದ ಮೇಲೆ ನಾನು ಆ ಹಾಡುಗಳನ್ನು ಮೊದಲಿನ ನೆಮ್ಮದಿಯಲ್ಲಿ ಕೇಳಿಲ್ಲ.

ಧ್ವನಿ ಕೊಟ್ಟವರೇ ಹಾಡುತ್ತಾರೆ. ಸುಮ್ನೆ ಸ್ಟುಡಿಯೋದಲ್ಲಿ ಅಲ್ಲ, ಸೈತಾಮಾ ಸೂಪರ್ ಅರೀನಾದಂಥ ಭಾರೀ ಒಳಾಂಗಣದಲ್ಲಿ ವೇಷ ಹಾಕಿ ನಿಂತು ಹಾಡುತ್ತಾರೆ. ಜನ ತಮ್ಮ ಮೆಚ್ಚಿನ ಹುಡುಗನ ಬಣ್ಣದ ಪೆನ್‌ಲೈಟ್ ಬೀಸುತ್ತಾರೆ. "ಅದರಲ್ಲೇನಿದೆ? ಅಣ್ಣಾವ್ರು ನಟಿಸಿ ಅವರೇ ಹಾಡ್ತಿರ್ಲಿಲ್ವಾ?" ಅಂದರು ಮಾವ. ಕ್ಯಾನ್ ಹುಡುಗ ಅವತ್ತಿನಿಂದ ಕ್ಯಾನ್ ಖಾಲಿಯಾಗಿದೆಯೋ ಇಲ್ಲವೋ ನೋಡದೆ ದಿನಾ ಬರತೊಡಗಿದ. ನಮ್ಮ ಅಡುಗೆಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ.

ಸಾವೊತೊಮೆ ಅಕಾಡೆಮಿಯ ಮುಖ್ಯ ನಿಯಮ ಒಂದೇ. ಪ್ರೇಮ ನಿಷಿದ್ಧ. ಸಿಕ್ಕಿಬಿದ್ದರೆ ಟಿ.ಸಿ. ಕೊಟ್ಟು ಮನೆಗೆ. ಮಾವ ಮೊದಲು ತಲೆದೂಗಿದರು. ಆಮೇಲೆ ಹೆಡ್‌ಮಾಸ್ಟರ ಬುದ್ಧಿ ಕೆಲಸ ಮಾಡಿತು. "ನಿಯಮ ಮಾಡೋದು ಸುಲಭ. ಕಾರಿಡಾರಿನಲ್ಲಿ ಒಬ್ಬ ಪಿ.ಟಿ. ಮಾಸ್ತರನ್ನ ನಿಲ್ಲಿಸಬೇಕಲ್ವಾ? ಒಂದು ಹುಡುಗಿ, ಆರು ಹುಡುಗರು, ರಾತ್ರಿ ಹೊತ್ತು ಕೊಳದ ಹತ್ತಿರ ಹಾಡು. ವಾಚ್‌ಮನ್ ಏನು ಮಾಡ್ತಿದ್ದಾನೆ?"

ಇದು ಬರೀ ಕಥೆಯಲ್ಲ ಅಂತ ನಾನು ಹೇಳಿದೆ. ಜಪಾನಿನಲ್ಲಿ ಐಡಲ್‌ಗಳ ಕರಾರಿನಲ್ಲೇ ಪ್ರೇಮ ಮಾಡಬಾರದು ಅಂತ ಬರೆಸಿಕೊಳ್ಳುವುದುಂಟು. 2015ರ ಸೆಪ್ಟೆಂಬರಿನಲ್ಲಿ ತೋಕಿಯೊ ಜಿಲ್ಲಾ ನ್ಯಾಯಾಲಯ ಈ ಷರತ್ತು ಮುರಿದ 17 ವರ್ಷದ ಹುಡುಗಿ ಸುಮಾರು 6.5 ಲಕ್ಷ ಯೆನ್ ಕಟ್ಟಬೇಕು ಅಂದಿತು. ನಮ್ಮ ಲೆಕ್ಕದಲ್ಲಿ ಮೂರೂವರೆ ಲಕ್ಷ ರೂಪಾಯಿಯ ಆಸುಪಾಸು. ಮಾವ ಬಾಯಿ ಮೇಲೆ ಬೆರಳಿಟ್ಟುಕೊಂಡರು. "ಟಿ.ಸಿ. ಕೊಟ್ಟು ಕಳಿಸೋದು ಬೇರೆ. ಇದೇನ್ರೀ, ಮಗು ಹತ್ರ ವಸೂಲಿ?" 2016ರ ಜನವರಿಯಲ್ಲಿ ಅದೇ ನ್ಯಾಯಾಲಯದ ಇನ್ನೊಬ್ಬ ನ್ಯಾಯಾಧೀಶರು ಇಂಥದೇ ಇನ್ನೊಂದು ಕೇಸಿನಲ್ಲಿ ಪ್ರೀತಿಸುವುದು ಮನುಷ್ಯ ಸುಖ ಹುಡುಕುವ ಹಕ್ಕಿಗೆ ಸೇರಿದ್ದು, ದಂಡ ಇಲ್ಲ ಅಂದರು. ಅದನ್ನು ಕೇಳಿದ ಮೇಲೆ ಮಾವ ಸಮಾಧಾನದಿಂದ ಕಾಫಿ ಕುಡಿದರು. ಅವತ್ತಿನಿಂದ ಸಾವೊತೊಮೆಯ ಬಗ್ಗೆ ಅವರ ಧಾಟಿ ಬದಲಾಯಿತು. "ಆ ಧುಮುಕೋ ಮನುಷ್ಯ" ಅನ್ನತೊಡಗಿದರು.

ನಿಜವಾದ ಐಡಲ್‌ಗಳ ಬಗ್ಗೆ ಅವರಿಗೆ ಕುತೂಹಲ ಹುಟ್ಟಿದ್ದೂ ಆಗಲೇ. ಕತೆ ಅತಿ ಆಯಿತೇನೋ ಅನ್ನುತ್ತಿದ್ದವರಿಗೆ ಅರಾಶಿ ತಂಡದ ವಿಷಯ ಹೇಳಿದೆ. 1999ರಲ್ಲಿ ಆ ಐವರು ಹುಡುಗರು ತಮ್ಮ ತಂಡ ಶುರುವಾಗಿದೆ ಅಂತ ಸಾರಿದ್ದು ಹವಾಯಿಯ ಸಮುದ್ರದಲ್ಲಿ ಹಡಗಿನ ಮೇಲೆ ನಿಂತು. ಸ್ಮ್ಯಾಪ್ ಅನ್ನುವ ಇನ್ನೊಂದು ತಂಡ 1996ರಿಂದ 2016ರವರೆಗೆ ಟೀವಿಯಲ್ಲಿ ವಾರವಾರ ಕಾರ್ಯಕ್ರಮ ಕೊಟ್ಟಿತು. ಅದರಲ್ಲಿ ಅತಿಥಿಗಳಿಗೆ ಅಡುಗೆ ಮಾಡಿ ಬಡಿಸುವುದೂ ಸೇರಿತ್ತು. ಹಾಡಬೇಕು, ಕುಣಿಯಬೇಕು, ನಟಿಸಬೇಕು, ಒಗ್ಗರಣೆಯನ್ನೂ ಹಾಕಬೇಕು. ಮಾವ ನಕ್ಕರು. "ನಾವೂ ಅದನ್ನೇ ಮಾಡಿದ್ದು. ಜನಗಣತಿ, ಚುನಾವಣೆ, ಬಿಸಿಯೂಟದ ಅಕ್ಕಿ ಲೆಕ್ಕ. ಹಾಡೊಂದು ಬಾಕಿ ಇತ್ತು ಅಷ್ಟೇ."

ಈ ಎರಡೂ ತಂಡ ಸಾಕಿದ ಜಾನಿ ಅಂಡ್ ಅಸೋಸಿಯೇಟ್ಸ್ ಸಂಸ್ಥೆ ತನ್ನ ಸ್ಥಾಪಕನು ಹುಡುಗರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ಎಸಗಿದ್ದನ್ನು 2023ರಲ್ಲಿ ಒಪ್ಪಿಕೊಂಡು, ಹೆಸರನ್ನೇ ಕೈಬಿಟ್ಟಿತು. ಲಘು ಬರಹದಲ್ಲಿ ಅದಕ್ಕೆ ಜಾಗ ಕಡಿಮೆ. ಆದರೆ ಆ ಲೋಕದ ಬಗ್ಗೆ ನಗಾಡಿ, ಅದನ್ನು ಹೇಳದೆ ದಾಟಿಹೋಗಲು ನನಗೆ ಮನಸ್ಸಿಲ್ಲ. ಅಲ್ಲಿ ಬೆಳೆದ ಹುಡುಗರಿಗೆ ಇಂಥ ನಿರಪಾಯದ ಶಾಲೆ ಕಥೆಯಲ್ಲಾದರೂ ಸಿಗಲಿ ಅಂತ ಅನ್ನಿಸುವುದುಂಟು.

ಮೊದಲ ಸೀಸನ್ನಿನ ಕೊನೆ ನಮ್ಮ ಮನೆಯಲ್ಲಿ ಗಲಾಟೆಯಲ್ಲೇ ಮುಗಿಯಿತು. ಮುಗುಮ್ಮ ತೊಕಿಯಾನೇ ಹಯಾತೊ ಅಂತ ಗೊತ್ತಾಯಿತು. ಅವಳಿ ಅಣ್ಣ ಅಂತ ಹೇಳಿಕೊಂಡು ಒಬ್ಬನೇ ಎರಡು ಜೀವನ ನಡೆಸಿದ್ದ. ಎರಡು ಕಡೆ ಸಹಿ ಹಾಕಿದ ಮಾಸ್ತರನ್ನು ಹಿಡಿದ ಅನುಭವ ಇದ್ದ ಮಾವನಿಗೆ ಇದು ಮೊದಲೇ ಗೊತ್ತಿತ್ತಂತೆ. ಹರುಕಾ ಸಾಕಿದ ಕಪ್ಪು ಬೆಕ್ಕು ಕುಪ್ಪುರು ಅಸಲಿಗೆ ಅಗ್ನಾಪೊಲಿಸ್ ಎಂಬ ದೇಶದ ಶಾಪಗ್ರಸ್ತ ರಾಜಕುಮಾರ ಸೆಸಿಲ್. ಇದಕ್ಕೆ ಮಾವ ಏನೂ ಅನ್ನಲಿಲ್ಲ. ಶಾಪ, ವಿಮೋಚನೆ ಎಲ್ಲ ಅವರಿಗೆ ಹಳೇ ಸಂಗತಿ. ಅವರು ಸಿಡಿದೆದ್ದದ್ದು ಪರೀಕ್ಷೆಯ ವಿಷಯಕ್ಕೆ. ನಿಯಮದ ಪ್ರಕಾರ ಒಬ್ಬ ಹಾಡುಗಾರನಿಗೆ ಒಬ್ಬ ಸಂಗೀತ ರಚಿಸುವವರು. ಇವರು ಆರೂ ಜನ ಹರುಕಾಳನ್ನೇ ಹಂಚಿಕೊಂಡು ಸ್ಟಾರಿಷ್ ಅಂತ ಒಂದೇ ತಂಡ ಕಟ್ಟುತ್ತೇವೆ ಅಂದರು. ಧುಮುಕೋ ಮನುಷ್ಯ ಒಪ್ಪಿಯೂಬಿಟ್ಟ. "ಆರು ಜನಕ್ಕೆ ಒಂದೇ ಉತ್ತರ ಪತ್ರಿಕೆ! ನಮ್ಮಲ್ಲಾಗಿದ್ರೆ ಮಾಸ್ ಕಾಪಿ ಅಂತ ಸೆಂಟರ್ರೇ ಮುಚ್ಚಿಸ್ತಿದ್ರು." ಅಂದವರು, ಕೊನೆಯ ಹಾಡು ಮುಗಿದ ಮೇಲೆ ಅದನ್ನೇ ಇನ್ನೊಂದು ಸಲ ಹಾಕಿಸಿದರು.

ಆ ಹಾಡನ್ನು ಮಗಳು ತಾತನ ಫೋನಿಗೆ ರಿಂಗ್‌ಟೋನ್ ಮಾಡಿದಳು.

ಚೆಕಪ್ಪಿಗೆ ಹೋದ ದಿನ ಆಸ್ಪತ್ರೆಯ ಹಾಲಿನ ತುಂಬ ಹಿರಿಯರು. ಎಲ್ಲರಿಗೂ ಕಣ್ಣಿನ ಪಾಪೆ ಹಿಗ್ಗಿಸುವ ಹನಿ ಹಾಕಿ ಕಣ್ಣು ಮುಚ್ಚಿ ಕೂರಿಸಿದ್ದರು. ಒಂದು ಸೂಜಿ ಬಿದ್ದರೂ ಕೇಳುವಂತಿತ್ತು. ಆಗ ತಿಪಟೂರಿನಿಂದ ಮಾವನ ತಮ್ಮನ ಫೋನ್. ಆರು ಹುಡುಗರು ಒಮ್ಮೆಗೇ ಕೂಗಿಕೊಂಡು ಹಾಲಿಗೆ ನುಗ್ಗಿದರು. ಕಣ್ಣು ಮಂಜಾಗಿದ್ದರಿಂದ ಮಾವನಿಗೆ ಫೋನ್ ಯಾವ ಜೇಬಿನಲ್ಲಿದೆ ಅಂತ ಸಿಗಲಿಲ್ಲ. ಶರ್ಟು ತಡವಿದರು, ಪಂಚೆಯ ಮಡಿಕೆ ತಡವಿದರು. ಅದು ಇದ್ದದ್ದು ನನ್ನ ಕೈಯಲ್ಲಿದ್ದ ಫೈಲಿನ ಚೀಲದ ತಳದಲ್ಲಿ, ಸ್ಕ್ಯಾನಿಂಗ್ ರಿಪೋರ್ಟಿನ ಕೆಳಗೆ. ನಾನು ಹುಡುಕುವಷ್ಟರಲ್ಲಿ ಪಲ್ಲವಿ ಮುಗಿದಿತ್ತು. ಪಕ್ಕದ ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಯಾರಪ್ಪ ಇವರು?"

ಮಾವ ಬೆನ್ನು ನೆಟ್ಟಗೆ ಮಾಡಿಕೊಂಡರು. "ನಮ್ಮ ಸ್ಕೂಲಿನ ಹುಡುಗರು. ಈ ಸಲ ಎಲ್ಲಾ ಪಾಸು."

ಎಡಗಣ್ಣಿಗೆ ಎರಡನೇ ಸೀಸನ್. ಇದು 2013ರಲ್ಲಿ ಬಂದದ್ದು. ಇಲ್ಲಿ ಹುಡುಗರಿಗೆ ಕ್ವಾರ್ಟೆಟ್ ನೈಟ್ ಎಂಬ ನಾಲ್ವರು ಸೀನಿಯರ್‌ಗಳು ಗಂಟು ಬೀಳುತ್ತಾರೆ, ಬೆಕ್ಕಿನ ರಾಜಕುಮಾರ ಏಳನೆಯವನಾಗಿ ತಂಡ ಸೇರುತ್ತಾನೆ. ಮಾವ ಆಪರೇಷನ್ ಥಿಯೇಟರಿನಿಂದ ಹೊರಬಂದ ಕೂಡಲೇ ಕೇಳಿದ್ದು "ಬೆಕ್ಕಿಗೆ ಅಡ್ಮಿಷನ್ ಆಯ್ತಾ?" ಅಂತ. ನರ್ಸು ನನ್ನ ಮುಖ ನೋಡಿದರು. ಮತ್ತೇನೋ ಪರೀಕ್ಷೆ ಮಾಡಿಸಬೇಕಾ ಅನ್ನುವ ಹಾಗೆ.

ಅವತ್ತು ಸಂಜೆ ಕರೆಂಟು ಹೋಯಿತು. ಕೆಂಗೇರಿಯಲ್ಲಿ ಏಪ್ರಿಲ್ ತಿಂಗಳ ಸೆಕೆ. ಎಡಗಣ್ಣಿಗೆ ಬಿಳಿ ಪಟ್ಟಿ ಅಂಟಿಸಿಕೊಂಡು ಮಾವ ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಬೀಸಣಿಗೆ ಕೊಡಮ್ಮ ಅಂದರು. ಮಗಳು ಒಳಗಿನಿಂದ ತನ್ನ ಉಚಿವಾ ತಂದುಕೊಟ್ಟಳು.

ಉಚಿವಾ ಅಂದರೆ ಜಪಾನಿನ ದುಂಡು ಬೀಸಣಿಗೆ. ಐಡಲ್‌ಗಳ ಕಾರ್ಯಕ್ರಮಕ್ಕೆ ಹೋಗುವವರು ಅದಕ್ಕೆ ಕಪ್ಪು ಕಾಗದ ಅಂಟಿಸಿ, ಮೇಲೆ ಕಣ್ಣು ಕುಕ್ಕುವ ಬಣ್ಣದ ಅಕ್ಷರದಲ್ಲಿ ಏನಾದರೂ ಬರೆದು ಹಿಡಿಯುತ್ತಾರೆ. ವೇದಿಕೆಯ ಮೇಲಿನ ಹುಡುಗ ಓದಿ ಅದರಂತೆ ಮಾಡಲಿ ಅಂತ. ಎದೆಯ ಮಟ್ಟಕ್ಕಿಂತ ಮೇಲೆ ಎತ್ತಬಾರದು, ಹಿಂದಿನವರಿಗೆ ಕಾಣುವುದಿಲ್ಲ. ಮಗಳು ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋಗುವಾಗ ಒಂದು ಮಾಡಿಕೊಂಡಿದ್ದಳು. ಕಪ್ಪಿನ ಮೇಲೆ ಮಿರಮಿರ ಗುಲಾಬಿ ಬಣ್ಣದ ಜಪಾನಿ ಅಕ್ಷರ. 'ಕಣ್ಣು ಹೊಡಿ' ಅಂತ ಅದರರ್ಥ. ತಾತನಿಗೆ ಅರ್ಥ ಹೇಳಲಿಲ್ಲ. ಎದೆ ಮಟ್ಟದ ನಿಯಮ ಮಾತ್ರ ಹೇಳಿದಳು. ಶಿಸ್ತು ಮಾವನಿಗೆ ಹಿಡಿಸಿತು. ಬೀಸಿ ಸುಸ್ತಾದಾಗೆಲ್ಲ ಅದನ್ನು ಸರಿಯಾಗಿ ಎದೆಯ ಮೇಲೆ, ಅಕ್ಷರ ರಸ್ತೆಗೆ ಕಾಣುವ ಹಾಗೆ ಹಿಡಿದು ಕೂರುತ್ತಿದ್ದರು.

ನಮ್ಮ ಬೀದಿಯಲ್ಲಿ ಜಪಾನಿ ಓದುವವರು ಯಾರಿದ್ದಾರೆ ಅನ್ನುವ ಧೈರ್ಯದಲ್ಲಿ ನಾನೂ ಸುಮ್ಮನಿದ್ದೆ. ಎದುರುಮನೆಯ ಹುಡುಗಿ ಬಿಡದಿಯಲ್ಲಿ ಜಪಾನಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ ಅನ್ನುವುದು ಅವಳ ಸ್ಕೂಟರ್ ನಿಂತ ಮೇಲೆ ನೆನಪಾಯಿತು. ಅವಳು ಹೆಲ್ಮೆಟ್ ತೆಗೆದಳು. ಉಚಿವಾ ಓದಿದಳು. ಮಾವನ ಪಟ್ಟಿ ಕಟ್ಟಿದ ಕಣ್ಣು ನೋಡಿದಳು. ಇನ್ನೊಂದು ಸಲ ಓದಿದಳು. ಆಮೇಲೆ ಬಹಳ ಮರ್ಯಾದೆಯಿಂದ "ನಮಸ್ಕಾರ ತಾತ" ಅಂದು, ಪಟ್ ಅಂತ ಒಂದು ಕಣ್ಣು ಹೊಡೆದು, ಗೇಟು ತೆಗೆದು ಒಳಗೆ ಓಡಿಹೋದಳು.

ಮಾವ ಸ್ವಲ್ಪ ಹೊತ್ತು ಆ ಗೇಟನ್ನೇ ನೋಡುತ್ತಿದ್ದರು.

"ಅಳಿಯಂದ್ರೇ, ಪಾಪ, ಆ ಹುಡುಗಿಗೆ ಈ ವಯಸ್ಸಿಗೇ ಕಣ್ಣಿನ ತೊಂದರೆ ಇದೆ. ನಮ್ಮ ಡಾಕ್ಟ್ರ ನಂಬರು ಬರೆದುಕೊಟ್ಟು ಬನ್ನಿ. ಹಾಗೇ ಆ ಸಾವೊತೊಮೆ ಶಾಲೆ ಎಲ್ಲಿ ಬರುತ್ತೆ ಅಂತಾನೂ ಬರೀರಿ. ಆಪರೇಷನ್ ಆದ್ಮೇಲೆ ನೋಡೋಕೆ ಏನಾದ್ರೂ ಬೇಕಲ್ಲ."